ಕಾಸರಗೋಡಿನ ಹಳೆಪೇಟೆಯನ್ನು ಕಲಾವಲಯ ಮಾಡುವುದಾದರೆ ಮೊದಲ ಕೆಲಸ ಯಾವುದಾಗಬೇಕು?

ಪ್ರಶ್ನೆ: ಅರ್ಥಧಾರಿ, ಕಾಸರಗೋಡು

ಎಲ್ಲರಿಗೂ ನಮಸ್ಕಾರ. ನಮ್ಮ ನಗರದ ಹಳೆಪೇಟೆಯ ಬಗ್ಗೆ ತಿಳಿದವರ ಅಭಿಪ್ರಾಯ ಬೇಕಾಗಿ ಇದನ್ನು ಬರೆಯುತ್ತಿದ್ದೇನೆ. ರಾಷ್ಟ್ರೀಯ ಹೆದ್ದಾರಿ 66 ಅಗಲವಾಗಿ ಮೇಲ್ಸೇತುವೆ ಎದ್ದ ಮೇಲೆ ವ್ಯಾಪಾರವೆಲ್ಲ ಹೊಸ ಬಸ್ ನಿಲ್ದಾಣದ ಕಡೆಗೂ ಹೆದ್ದಾರಿಯ ಇಕ್ಕೆಲಗಳಿಗೂ ಸರಿಯುತ್ತಿರುವಂತೆ ನನಗೆ ಕಾಣುತ್ತದೆ. ಹಳೆಯ ಬಸ್ ನಿಲ್ದಾಣದಿಂದ ತಾಯಲಂಗಾಡಿಯನ್ನು ದಾಟಿ ರೈಲು ನಿಲ್ದಾಣದ ಕಡೆಗೆ ಹೋಗುವ ಸುತ್ತಿನಲ್ಲಿ ಮುರಕಲ್ಲಿನ ಗೋಡೆಯ, ಹಂಚಿನ ಮಾಡಿನ ಕೆಲವು ಕಟ್ಟಡಗಳು ಇನ್ನೂ ಉಳಿದಿವೆ. ಕೆಳಗೆ ಅಂಗಡಿ ನಡೆಯುತ್ತಿದ್ದರೂ ಉಪ್ಪರಿಗೆಗಳಿಗೆ ಬೀಗ ಬಿದ್ದಿದೆ. ರಾತ್ರಿ ಎಂಟು ಕಳೆದರೆ ಬೀದಿಯಲ್ಲಿ ಜನವಿಲ್ಲ.

ಈ ಭಾಗವನ್ನು ಕಲೆ ಮತ್ತು ಮನರಂಜನೆಯ ವಲಯವಾಗಿ ಪುನರಭಿವೃದ್ಧಿ ಮಾಡಬಹುದೆಂಬ ಮಾತು ನಮ್ಮ ವಾರ್ಡ್ ಸಭೆಯಲ್ಲೂ ಗೆಳೆಯರ ನಡುವೆಯೂ ಕೇಳಿಬರುತ್ತಿದೆ. ಬಯಲು ವೇದಿಕೆ, ಗೋಡೆಚಿತ್ರಗಳು, ಸಂಜೆಯ ತಿಂಡಿಬೀದಿ, ಕರಕುಶಲ ವಸ್ತುಗಳ ಮಳಿಗೆ ಎಂದೆಲ್ಲ ಹೇಳುತ್ತಾರೆ. ತಿರುವನಂತಪುರದ ವಂದೇ ಭಾರತ್ ರೈಲು 2023ರ ಏಪ್ರಿಲ್‌ನಿಂದ ಇಲ್ಲಿಂದಲೇ ಹೊರಡುತ್ತಿದೆ, ಬೇಕಲ ಕೋಟೆಗೆ ಬರುವ ಪ್ರವಾಸಿಗರು ಒಂದು ಸಂಜೆಯನ್ನಾದರೂ ನಗರದಲ್ಲಿ ಕಳೆಯುವಂತಾಗಬೇಕು ಎಂಬುದು ಅವರ ವಾದ. ಇದುವರೆಗೆ ಕಾಗದದ ಮೇಲೆ ಯಾವ ಯೋಜನೆಯೂ ಬಂದಿಲ್ಲ. ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಅರ್ಥ ಹೇಳುವವನಾದ ನನಗೆ ಈ ಮಾತು ಕೇಳಿದಾಗ ಆಸೆಯೂ ಆಗುತ್ತದೆ, ಅಳುಕೂ ಆಗುತ್ತದೆ. ಬೇರೆ ಊರುಗಳಲ್ಲಿ ಇಂಥ ವಲಯಗಳು ಹೇಗೆ ಬೆಳೆದವು, ಅಲ್ಲಿದ್ದ ಕಲಾವಿದರೂ ಸಣ್ಣ ವ್ಯಾಪಾರಿಗಳೂ ಕೊನೆಗೆ ಅಲ್ಲಿಯೇ ಉಳಿದರೇ, ನಮ್ಮಲ್ಲಿ ಇಂಥದೊಂದು ಆಗುವುದಾದರೆ ಮೊದಲ ಕೆಲಸ ಯಾವುದಾಗಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಕುಂಬಳೆಯವ, ಮುಂಬಯಿ

ನಗರ ಯೋಜನೆ ನನ್ನ ವೃತ್ತಿಯಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಾನು ಹತ್ತಿರದಿಂದ ನೋಡುತ್ತಿರುವುದು ದಕ್ಷಿಣ ಮುಂಬಯಿಯ ಕಾಲಾ ಘೋಡಾ. ಅಲ್ಲಿ ಜಹಾಂಗೀರ್ ಕಲಾ ಗ್ಯಾಲರಿ 1952ರಿಂದ ಇದೆ. ವಸ್ತುಸಂಗ್ರಹಾಲಯವೂ ಡೇವಿಡ್ ಸಸೂನ್ ಗ್ರಂಥಾಲಯವೂ ಅದಕ್ಕಿಂತ ಎಷ್ಟೋ ಹಳೆಯವು. ಪಕ್ಕದ ಹಳೆಯ ಸಭಾಂಗಣವೊಂದನ್ನು ಸಜ್ಜುಗೊಳಿಸಿ 1996ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯನ್ನು ತೆರೆದರು. ಇಷ್ಟೆಲ್ಲ ಇದ್ದ ಮೇಲೆ 1998ರಲ್ಲಿ ಕಾಲಾ ಘೋಡಾ ಸಂಘ ಹುಟ್ಟಿತು ಮತ್ತು 1999ರಿಂದ ಉತ್ಸವ ನಡೆಯತೊಡಗಿತು. ಜನವರಿ-ಫೆಬ್ರವರಿಯ ಹೊತ್ತಿಗೆ ಒಂಬತ್ತು ದಿನ ಬೀದಿಯಲ್ಲಿ ಉಚಿತ ಪ್ರವೇಶದಲ್ಲಿ ಕಾರ್ಯಕ್ರಮಗಳು ನಡೆಯುತ್ತವೆ, ಸಂಘ ಕೂಡಿಸುವ ಹಣದಲ್ಲಿ ಆ ಪ್ರದೇಶದ ಪಾರಂಪರಿಕ ಕಟ್ಟಡಗಳ ದುರಸ್ತಿಯೂ ಆಗುತ್ತದೆ. ಮೊದಲೇ ಅಲ್ಲಿದ್ದ ಸಂಸ್ಥೆಗಳ ನಡುವೆ ನಡೆದುಹೋಗುವ ದಾರಿಯೊಂದನ್ನು ಸಂಘ ತೆರೆಯಿತು ಎನ್ನಬಹುದು. ಖಾಲಿ ಜಾಗದಲ್ಲಿ ಕಲೆಯನ್ನು ತಂದು ನೆಡುವ ಕೆಲಸಕ್ಕೆ ಅದು ಇಳಿಯಲಿಲ್ಲ.

ಎರಡನೆಯದು ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನ ಟೆಂಪಲ್ ಬಾರ್. ನಮ್ಮ ಹಳೆಪೇಟೆಯ ಬಗ್ಗೆ ಯೋಚಿಸುವವರು ಇದನ್ನು ಗಮನವಿಟ್ಟು ನೋಡಬೇಕು. ಆ ಹಳೆಯ ಬೀದಿಗಳನ್ನು ಕೆಡವಿ ದೊಡ್ಡ ಬಸ್ ನಿಲ್ದಾಣ ಕಟ್ಟಬೇಕೆಂದು ಅಲ್ಲಿನ ಸರಕಾರಿ ಸಾರಿಗೆ ಸಂಸ್ಥೆ ಒಂದೊಂದಾಗಿ ಕಟ್ಟಡಗಳನ್ನು ಕೊಂಡುಕೊಂಡಿತು. ಕೆಡಹುವ ದಿನ ಬರುವವರೆಗೆ ಸುಮ್ಮನೆ ಬಿಡುವುದೇಕೆಂದು ಅವನ್ನು ಅಲ್ಪಾವಧಿಗೆ, ತೀರಾ ಕಡಿಮೆ ಬಾಡಿಗೆಗೆ ಕೊಟ್ಟಿತು. 1980ರ ದಶಕದಲ್ಲಿ ಚಿತ್ರಕಾರರು, ಸಂಗೀತಗಾರರು, ಸಣ್ಣ ಅಂಗಡಿಯವರು ಅಲ್ಲಿ ಬಂದು ಸೇರಿದ್ದು ಬಾಡಿಗೆ ಕೈಗೆಟುಕುತ್ತಿತ್ತು ಎಂಬ ಒಂದೇ ಕಾರಣಕ್ಕೆ. ಬೀದಿಗೆ ಜೀವ ಬಂದದ್ದನ್ನು ಕಂಡು ಬಸ್ ನಿಲ್ದಾಣದ ಯೋಜನೆಯನ್ನು ಕೈಬಿಟ್ಟರು. 1991ರಲ್ಲಿ ಅದಕ್ಕೆಂದೇ ಕಾನೂನು ಮಾಡಿ, ಸರಕಾರಿ ಕಂಪನಿಯೊಂದನ್ನು ರಚಿಸಿ ಸಾಂಸ್ಕೃತಿಕ ವಲಯವನ್ನಾಗಿ ಅಭಿವೃದ್ಧಿಪಡಿಸಿದರು. ಚಲನಚಿತ್ರ ಕೇಂದ್ರ, ಛಾಯಾಚಿತ್ರ ಗ್ಯಾಲರಿ, ಮಕ್ಕಳ ಸಾಂಸ್ಕೃತಿಕ ಕೇಂದ್ರ ಬಂದವು, ಅವು ಈಗಲೂ ಇವೆ. ಆದರೆ ಭೂಮಿಯ ಬೆಲೆ ಏರಿದಂತೆ ಕಡಿಮೆ ಬಾಡಿಗೆಗೆ ಬಂದವರು ಹೊರಟುಹೋದರು. ಇಂದು ಪ್ರವಾಸಿಗರು ಟೆಂಪಲ್ ಬಾರ್ ಎಂದರೆ ನೆನಪಿಸಿಕೊಳ್ಳುವುದು ಪಬ್‌ಗಳನ್ನು.

ಇದಕ್ಕಿಂತ ಕಠೋರವಾದದ್ದು ನ್ಯೂಯಾರ್ಕಿನ ಲಿಂಕನ್ ಸೆಂಟರ್. 1959ರಲ್ಲಿ ಕಾಮಗಾರಿ ಆರಂಭವಾದ ಆ ಭವ್ಯ ರಂಗಮಂದಿರಗಳ ಸಮುಚ್ಚಯಕ್ಕಾಗಿ ಸಾನ್ ಹುವಾನ್ ಹಿಲ್ ಎಂಬ ಬಡವರ ಕೇರಿಯನ್ನು ನೆಲಸಮ ಮಾಡಿ ಏಳು ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಿದರು. ಆ ಕೇರಿಯಲ್ಲಿಯೂ ಸಂಗೀತವಿತ್ತು, ಅದು ಕಪ್ಪು ಜನರ ಜಾಸ್ ಸಂಗೀತದ ತಾಣವಾಗಿತ್ತು ಎಂಬುದನ್ನು ಮರೆಯಬಾರದು.

ನಿಮ್ಮ ಪ್ರಶ್ನೆಗೆ ನನ್ನ ನೇರ ಉತ್ತರ ಇದು: ಬಣ್ಣ ಬಳಿಯುವುದಕ್ಕೆ ಮುಂಚೆ ಬಾಡಿಗೆಯನ್ನು ಭದ್ರಪಡಿಸಿ. ವಲಯದ ಘೋಷಣೆ ಪತ್ರಿಕೆಯಲ್ಲಿ ಬಂದ ಮಾರನೆಯ ದಿನವೇ ಆ ಬೀಗ ಹಾಕಿದ ಉಪ್ಪರಿಗೆಗಳ ಬೆಲೆ ಏರುತ್ತದೆ. ಅದಕ್ಕೆ ಮೊದಲೇ ನಗರಸಭೆಯೋ ಸ್ಥಳೀಯರ ಟ್ರಸ್ಟೋ ಮಾಲಕರ ಜತೆ ಮಾತಾಡಿ, ಕೆಲವು ಕೋಣೆಗಳನ್ನಾದರೂ ದೀರ್ಘಾವಧಿಯ ಗೇಣಿಗೆ ಪಡೆದು, ಅಭ್ಯಾಸಕ್ಕೂ ಪ್ರದರ್ಶನಕ್ಕೂ ನಿಗದಿತ ದರದಲ್ಲಿ ಕೊಡುವ ಕರಾರನ್ನು ನೋಂದಾಯಿಸಿಕೊಳ್ಳಬೇಕು. ಫೋರ್ಟ್ ಕೊಚ್ಚಿಯಲ್ಲಿ 2012ರ ಡಿಸೆಂಬರ್ 12ರಂದು ಆರಂಭವಾದ ಬಿನಾಲೆ ಎಂಬ ಕಲಾ ಉತ್ಸವವನ್ನು ನೋಡಿ. ಅಲ್ಲಿನ ಹಳೆಯ ಸರಕು ಗೋದಾಮುಗಳು ಲೋಕಪ್ರಸಿದ್ಧ ಪ್ರದರ್ಶನಾಂಗಣಗಳಾದವು, ಊರಿಗೆ ಜನ ಬಂದರು, ಹೋಂಸ್ಟೇಗಳು ತುಂಬಿದವು. ಆದರೂ ಮುಖ್ಯ ತಾಣವಾದ ಆಸ್ಪಿನ್‌ವಾಲ್ ಹೌಸ್ ಉತ್ಸವ ನಡೆಸುವ ಪ್ರತಿಷ್ಠಾನದ ಸ್ವಂತದ್ದಾಗಿರಲಿಲ್ಲವಾದ್ದರಿಂದ ಪ್ರತಿ ಆವೃತ್ತಿಗೂ ಜಾಗವನ್ನು ಬೇರೆಯವರಿಂದ ಪಡೆಯಬೇಕಾಗಿತ್ತು. ಅಷ್ಟು ದೊಡ್ಡ ಉತ್ಸವದ ಸ್ಥಿತಿಯೇ ಹೀಗಿರುವಾಗ ನಮ್ಮ ಸಣ್ಣ ಸಂಘಗಳು ಮಾಲಕರ ಔದಾರ್ಯವನ್ನು ನೆಚ್ಚಿ ಎಷ್ಟು ವರ್ಷ ನಡೆದಾವು?

ಉತ್ತರ 2: ಪೇಟೆಯ ವ್ಯಾಪಾರಿ

ನನ್ನ ತಂದೆಯ ಕಾಲದಿಂದಲೂ ನಾವು ಈ ಪೇಟೆಯಲ್ಲಿ ಬಾಡಿಗೆಗೆ ಅಂಗಡಿ ನಡೆಸುತ್ತಿರುವವರು. ಕಲೆ ಬರುವುದು ನಮಗೆ ಸಂತೋಷವೇ, ಸಂಜೆ ಎರಡು ಗಂಟೆ ಹೆಚ್ಚು ಬಾಗಿಲು ತೆರೆದಿಡಬಹುದು. ಆದರೆ ಪುನರಭಿವೃದ್ಧಿ ಎಂಬ ಶಬ್ದ ಕಿವಿಗೆ ಬಿದ್ದಾಗ ಬಾಡಿಗೆದಾರರಿಗೆ ಮೊದಲು ಬರುವ ಯೋಚನೆ ಅಂಗಡಿ ಬಿಡಬೇಕಾದೀತೇ ಎಂಬುದು. ಕೇರಳದ 1965ರ ಕಟ್ಟಡ ಗೇಣಿ ಮತ್ತು ಬಾಡಿಗೆ ನಿಯಂತ್ರಣ ಕಾಯಿದೆಯ 11ನೇ ಸೆಕ್ಷನ್ನಿನ ಪ್ರಕಾರ ಪುನರ್ನಿರ್ಮಾಣಕ್ಕಾಗಿ ತೆರವು ಕೇಳುವ ಮಾಲಕನ ಕೈಯಲ್ಲಿ ನಕ್ಷೆಯೂ ಪರವಾನಗಿಯೂ ಇರಬೇಕು, ಕಟ್ಟುವ ಶಕ್ತಿಯೂ ಇರಬೇಕು. ಹೊಸ ಕಟ್ಟಡದಲ್ಲಿ ನ್ಯಾಯಬಾಡಿಗೆಗೆ ಜಾಗ ಪಡೆಯುವ ಮೊದಲ ಆಯ್ಕೆ ತೆರವಾದ ಬಾಡಿಗೆದಾರನದು. ಈ ಹಕ್ಕು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ಮೌಖಿಕ ಮಾತಿನ ಮೇಲೆ ಅಂಗಡಿ ಬಿಟ್ಟುಕೊಟ್ಟು, ಹೊಸ ಕಟ್ಟಡದ ಬಾಡಿಗೆ ಮತ್ತು ಮುಂಗಡ ಕೇಳಿ ಹಿಂದೆ ಸರಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯೋಜನೆಯ ಮಾತು ಆರಂಭವಾಗುವುದಕ್ಕೆ ಮೊದಲು ಇಡೀ ಬೀದಿಯ ಬಾಡಿಗೆ ಕರಾರುಗಳು ಲಿಖಿತವಾಗಲಿ.

ಕಲ್ಲಿಕೋಟೆಯ ಮಿಠಾಯಿ ತೆರುವಿನ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಹೇಳುತ್ತೇನೆ. 2017ರ ಫೆಬ್ರವರಿಯಲ್ಲಿ ಆ ಬೀದಿಯಲ್ಲಿ ಬೆಂಕಿ ಬಿತ್ತು, ಅದೇ ವರ್ಷದ ಡಿಸೆಂಬರಿನಲ್ಲಿ ನವೀಕರಣ ಮುಗಿಸಿ ನೆಲಕ್ಕೆ ಕಲ್ಲು ಹಾಸಿ, ತಂತಿಗಳನ್ನು ನೆಲದಡಿಗೆ ಇಳಿಸಿ ಬೀದಿಯನ್ನು ತೆರೆದರು. ಮಾತುಗಾರಿಕೆಗೂ ಹಲ್ವಕ್ಕೂ ಹೆಸರಾದ ಆ ಬೀದಿಗೆ ವಾಹನ ನಿಷೇಧ ಬಂದಾಗ ಗಿರಾಕಿಗಳು ಕಡಿಮೆಯಾಗುತ್ತಾರೆಂದು ವರ್ತಕರು ವಿರೋಧಿಸಿದರು. ನಾನು ಹೋಗಿದ್ದಾಗ ಸಂಜೆ ಹೆಂಗಸರು, ಮಕ್ಕಳು, ವಯಸ್ಸಾದವರು ಬೀದಿಯ ನಡುವೆಯೇ ನಿರಾಳವಾಗಿ ನಡೆಯುತ್ತಿದ್ದುದನ್ನು ನೋಡಿ ನನಗೆ ಮೆಚ್ಚುಗೆಯಾಯಿತು. ಬಟ್ಟೆಯ ಅಂಗಡಿಗೆ ಅದು ಹೊಂದುತ್ತದೆ. ಅಕ್ಕಿ, ಸಿಮೆಂಟು, ಒಣಮೀನು ಮಾರುವವನಿಗೆ ಲಾರಿ ಬಾಗಿಲಿಗೇ ಬರಬೇಕು. ಆದ್ದರಿಂದ ಬೆಳಗ್ಗೆ ಸರಕು ಇಳಿಸುವುದಕ್ಕೆ ಸಮಯ ಗೊತ್ತುಮಾಡಿ, ಸಂಜೆಯ ಹೊತ್ತು ಮಾತ್ರ ಬೀದಿಯನ್ನು ನಡೆಯುವವರಿಗೆ ಬಿಟ್ಟುಕೊಡುವುದು ನಮಗೆ ಒಪ್ಪಿಗೆಯಾದೀತು. ಲೋಡಿಂಗ್ ಕಾರ್ಮಿಕರನ್ನು ಕೂರಿಸಿಕೊಳ್ಳದೆ ಈ ಸಮಯವನ್ನು ಗೊತ್ತುಮಾಡಬೇಡಿ.

ಬೀದಿಬದಿಯವರ ಕುರಿತೂ ಒಂದು ಮಾತು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯಂತೆ ಪಟ್ಟಣ ಮಾರಾಟ ಸಮಿತಿಯಲ್ಲಿ ಶೇಕಡಾ 40ರಷ್ಟಾದರೂ ಬೀದಿ ವ್ಯಾಪಾರಿಗಳೇ ಇರಬೇಕು, ಮೂವತ್ತು ದಿನಗಳ ನೋಟೀಸು ಕೊಡದೆ ಅವರನ್ನು ಎಬ್ಬಿಸುವಂತಿಲ್ಲ. ಹೊಸ ತಿಂಡಿಬೀದಿ ಬರುವುದಾದರೆ ಅದರ ಮೊದಲ ಸಾಲಿನಲ್ಲಿ ನಿಲ್ಲಬೇಕಾದವರು ಈಗ ಅಲ್ಲಿಯೇ ಕಡಲೆ, ಹಣ್ಣು, ಚಹಾ ಮಾರುತ್ತಿರುವವರು.

ಉತ್ತರ 3: ಚೌಕಿಯಿಂದ

ವೇಷ ಹಾಕುವವನಾಗಿ ಕೆಲವು ಮಾತು. ತೆಂಕುತಿಟ್ಟಿನ ಯಕ್ಷಗಾನಕ್ಕೆ ರೂಪ ಕೊಟ್ಟ ಪಾರ್ತಿಸುಬ್ಬನ ನೆಲ ಇದು. ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮೀಜಿಯವರು ಸ್ವತಃ ಭಾಗವತಿಕೆ ಮಾಡುತ್ತಿದ್ದರು. ನಗರದೊಳಗೇ ಪಿಲಿಕುಂಜೆಯಲ್ಲಿ ಯಕ್ಷಗಾನ ಬೊಂಬೆಯಾಟದ ತಂಡವಿದೆ. ತಳಂಗರೆಯಲ್ಲಿ ಕವಿ ಟಿ. ಉಬೈದ್ ಅವರ ನೆನಪಿದೆ, ಮುಸ್ಲಿಮರ ಹಾಡು, ಕುಣಿತಗಳಾದ ಮಾಪ್ಪಿಳ್ಳೆ ಪಾಟ್ಟು, ದಫ್‌ಮುಟ್ಟು, ಕೋಲ್ಕಳಿ ಇವೆ. ಕಾಲಾ ಘೋಡಾದ ಬಗ್ಗೆ ಮೇಲೆ ಬರೆದಂತೆ ಇಲ್ಲಿಯೂ ಕಲೆ ಮೊದಲೇ ಇದೆ. ಅದಕ್ಕೆ ನಗರದ ನಡುವೆ ಕಾಲೂರಲು ಜಾಗವಿಲ್ಲ ಅಷ್ಟೆ.

ಜಾಗ ಎಂದಾಗ ಎಲ್ಲರೂ ವೇದಿಕೆಯ ಬಗ್ಗೆ ಮಾತಾಡುತ್ತಾರೆ, ನಾವು ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿಯ ಬಗ್ಗೆ ಯಾರೂ ಕೇಳುವುದಿಲ್ಲ. ಬಣ್ಣದ ವೇಷದವರು ಆಟಕ್ಕೆ ಗಂಟೆಗಟ್ಟಲೆ ಮೊದಲೇ ನೆಲದ ಮೇಲೆ ಚಾಪೆ ಹಾಸಿ, ಕನ್ನಡಿ ಹಿಡಿದು ಕೂರುತ್ತಾರೆ. ಅಕ್ಕಿಹಿಟ್ಟು ಸುಣ್ಣ ಕಲಸಿದ ಚಿಟ್ಟಿಯನ್ನು ಮುಖದ ಮೇಲೆ ಒಂದೊಂದೇ ಚುಕ್ಕಿಯಾಗಿ ಇಡುವಾಗ ಫ್ಯಾನಿನ ಗಾಳಿ ನೇರವಾಗಿ ಬಡಿದರೆ ಅದು ಬೇಗ ಒಣಗಿ ಬಿರುಕು ಬಿಡುತ್ತದೆ, ಗಾಳಿಯೇ ಇಲ್ಲದಿದ್ದರೆ ಬೆವರಿಗೆ ಕದಲುತ್ತದೆ. ಗೆಜ್ಜೆ ಕಟ್ಟಿ, ಕೇಸರಿತಟ್ಟಿ ಎಂಬ ದೊಡ್ಡ ಕಿರೀಟ ತಲೆಗೇರಿದ ಮೇಲೆ ಸಾಮಾನ್ಯ ಬಾಗಿಲಿನಲ್ಲಿ ನೇರವಾಗಿ ದಾಟಲು ಆಗುವುದಿಲ್ಲ. ಹೊಸದಾಗಿ ಕಟ್ಟಿದ ಸಭಾಂಗಣವೊಂದರಲ್ಲಿ ನಾವು ಅಡ್ಡಕ್ಕೆ ತಿರುಗಿ, ಇಬ್ಬರು ಕಿರೀಟ ಹಿಡಿದು, ಇಕ್ಕಟ್ಟಿನ ಮೆಟ್ಟಿಲು ಹತ್ತಿ ರಂಗಸ್ಥಳಕ್ಕೆ ಹೋಗಬೇಕಾಯಿತು. ಒಬ್ಬ ವೇಷಧಾರಿಯನ್ನು ಕೇಳಿ ನಕ್ಷೆ ಬರೆದಿದ್ದರೆ ಬಾಗಿಲು ಅಗಲವಾಗುತ್ತಿತ್ತು, ಚೌಕಿ ರಂಗಸ್ಥಳದ ಮಟ್ಟದಲ್ಲೇ ಇರುತ್ತಿತ್ತು, ಬಣ್ಣ ತೆಗೆಯಲು ನೀರಿನ ನಲ್ಲಿ ಹತ್ತಿರವಿರುತ್ತಿತ್ತು. ಇದಕ್ಕೆಲ್ಲ ದೊಡ್ಡ ಖರ್ಚಿಲ್ಲ.

ಇನ್ನು ಬಯಲು ವೇದಿಕೆಯ ವಿಷಯ. ಮೇಳಗಳ ತಿರುಗಾಟ ದೀಪಾವಳಿಯ ಬಳಿಕ ಆರಂಭವಾಗಿ ಮೇ ಕೊನೆಯ ಪತ್ತನಾಜೆಗೆ ಮುಗಿಯುತ್ತದೆ, ಆಮೇಲೆ ನಾಲ್ಕು ತಿಂಗಳು ಇಲ್ಲಿ ಸುರಿಯುವ ಮಳೆಯಲ್ಲಿ ಬಯಲು ವೇದಿಕೆಯಿಂದ ಯಾರಿಗೂ ಪ್ರಯೋಜನವಿಲ್ಲ. ತಾಳಮದ್ದಳೆಯ ಕಾಲವೇ ಮಳೆಗಾಲ, ಅದಕ್ಕೆ ಮಾಡು ಬೇಕು. ಮತ್ತೊಂದು ಕಾರಣ ಧ್ವನಿವರ್ಧಕ. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆ ವರ್ಷಕ್ಕೆ ಹದಿನೈದು ದಿನ ಮೀರದಂತೆ ಮಧ್ಯರಾತ್ರಿಯವರೆಗೆ ರಾಜ್ಯ ಸರಕಾರ ವಿನಾಯಿತಿ ಕೊಡಬಹುದು. ಮುಚ್ಚಿದ ಸಭಾಂಗಣದ ಒಳಗಿನ ಕಾರ್ಯಕ್ರಮಕ್ಕೆ ಈ ಗಡುವು ಅನ್ವಯವಾಗುವುದಿಲ್ಲ, ಹೊರಗೆ ಕೇಳಿಸುವ ಶಬ್ದ ಮಾತ್ರ ಮಿತಿಯಲ್ಲಿರಬೇಕು. ಇಡೀ ರಾತ್ರಿಯ ಆಟ ನಗರದಲ್ಲಿ ಮತ್ತೆ ನಡೆಯಬೇಕೆಂಬ ಆಸೆ ನಿಜವಾಗಿದ್ದರೆ ದಪ್ಪ ಮುರಕಲ್ಲಿನ ಗೋಡೆಯ ಹಳೆಯ ಗೋದಾಮೊಂದನ್ನು ಅದಕ್ಕೆ ಸಜ್ಜುಗೊಳಿಸಬಹುದು. ಹಂಚಿನ ಮಾಡಿನಿಂದ ಶಬ್ದ ಹೊರಗೆ ಹೋಗುವುದರಿಂದ ಅಡಿಯಲ್ಲಿ ಒಳಮಾಳಿಗೆ ಹಾಕಿಸಬೇಕಾಗುತ್ತದೆ. ಸುತ್ತಮುತ್ತ ಮನೆಗಳಿರುವುದನ್ನೂ ನೂರು ಮೀಟರ್ ಒಳಗೆ ಆಸ್ಪತ್ರೆ, ಶಾಲೆ, ನ್ಯಾಯಾಲಯ ಇದೆಯೇ ಎಂಬುದನ್ನೂ ಮೊದಲೇ ನೋಡಬೇಕು.

ಒಂದು ವಿನಂತಿ. ಪ್ರವಾಸಿಗರಿಗೆಂದು ತೆಯ್ಯವನ್ನೂ ದೈವದ ಕೋಲವನ್ನೂ ಈ ವಲಯದ ಕಾರ್ಯಕ್ರಮ ಪಟ್ಟಿಗೆ ಸೇರಿಸಬೇಡಿ. ಅವು ಕಾವು, ಸ್ಥಾನ ಎಂಬ ಆರಾಧನೆಯ ತಾಣಗಳಿಗೂ ತರವಾಡು ಮನೆತನಗಳಿಗೂ ಸೇರಿದವು. ನೋಡಬೇಕೆನ್ನುವವರು ಅಲ್ಲಿಗೇ ಹೋಗಿ ಕೈಮುಗಿದು ನೋಡಲಿ.

ಉತ್ತರ 4: ಮಧೂರಿನ ಶಿಕ್ಷಕಿ

ಎಲ್ಲರ ಬರಹಗಳನ್ನೂ ಓದಿದೆ. ರಾತ್ರಿಯ ಕಾರ್ಯಕ್ರಮಕ್ಕೆ ಹೆಣ್ಣುಮಕ್ಕಳು ಹೇಗೆ ಬಂದು ಹೇಗೆ ಮನೆಗೆ ಹೋಗುತ್ತಾರೆ ಎಂಬುದು ಇಲ್ಲಿ ಯಾರ ಗಮನಕ್ಕೂ ಬರಲಿಲ್ಲ. ಮಧೂರಿಗೋ ಬದಿಯಡ್ಕಕ್ಕೋ ಕೊನೆಯ ಬಸ್ಸು ಹೋದ ಮೇಲೆ ಕಾರ್ಯಕ್ರಮ ಮುಗಿದರೆ ಸ್ವಂತ ವಾಹನವಿರುವವರಿಗೆ ಮಾತ್ರ ಆ ವಲಯ ಸಿಕ್ಕಿದಂತಾಗುತ್ತದೆ. ಬೀದಿದೀಪ, ಬಾಗಿಲು ಭದ್ರವಾಗಿರುವ ಶೌಚಾಲಯ, ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಹೊರಡುವ ಬಸ್ಸು ಇವಿಷ್ಟು ಇಲ್ಲದೆ ಗೋಡೆಗೆ ಎಷ್ಟು ಚೆಂದದ ಚಿತ್ರ ಬರೆದರೂ ನಾವು ಬರಲಾರೆವು.

ಇನ್ನೊಂದು ವಿಷಯ ಮಕ್ಕಳ ಅಭ್ಯಾಸದ ಜಾಗ. ಕೇರಳ ಶಾಲಾ ಕಲೋತ್ಸವದ ಸ್ಪರ್ಧೆಗಳಲ್ಲಿ ಯಕ್ಷಗಾನವೂ ಇದೆ, 2019ರಲ್ಲಿ ನಮ್ಮ ಜಿಲ್ಲೆಯ ಕಾಞಂಗಾಡಿನಲ್ಲೇ ರಾಜ್ಯ ಕಲೋತ್ಸವ ನಡೆದಾಗ ಮಲಯಾಳ ಮಾತ್ರ ಬಲ್ಲ ಪ್ರೇಕ್ಷಕರೂ ಕುಳಿತು ನೋಡಿದ ಕಲೆ ಇದು. ಆದರೆ ಶಾಲೆ ಬಿಟ್ಟ ಮೇಲೆ ಮಕ್ಕಳು ಕುಣಿಯುವುದು ಸಿಮೆಂಟು ನೆಲದ ತರಗತಿ ಕೋಣೆಯಲ್ಲಿ, ಬೆಂಚುಗಳನ್ನು ಗೋಡೆಗೆ ಸರಿಸಿ. ಸಂಜೆ ನಾಲ್ಕೂವರೆಯಿಂದ ಏಳರವರೆಗೆ ಹಳೆಪೇಟೆಯ ಉಪ್ಪರಿಗೆಯೊಂದರ ಮರದ ಹಲಗೆಯ ನೆಲ ಈ ಮಕ್ಕಳಿಗೆ ಉಚಿತವಾಗಿ ಸಿಕ್ಕಿದರೆ, ಅವರನ್ನು ಕರೆದೊಯ್ಯಲು ಬರುವ ತಾಯಂದಿರಿಂದಲೇ ಆ ಬೀದಿ ಸಂಜೆ ತುಂಬುತ್ತದೆ. ಪ್ರವಾಸಿಗರಿಗಾಗಿ ಕಾಯಬೇಕಾಗಿಲ್ಲ.

ಭಾಷೆಯ ವಿಚಾರವನ್ನೂ ಈಗಲೇ ಹೇಳಿಬಿಡಬೇಕು. ಕೇರಳದ ಅಧಿಕೃತ ಭಾಷಾ ಕಾನೂನಿನಂತೆ ಇಲ್ಲಿನ ಕನ್ನಡಿಗರು ಸ್ಥಳೀಯ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸಿ ಕನ್ನಡದಲ್ಲೇ ಉತ್ತರ ಪಡೆಯಬಹುದು. ಯೋಜನೆಯ ಕರಡು, ಆಕ್ಷೇಪಣೆಗಳ ಪ್ರಕಟಣೆ, ಸಭಾಂಗಣದ ಅರ್ಜಿ ನಮೂನೆ, ಬೀದಿಯ ಫಲಕ ಎಲ್ಲವೂ ಮಲಯಾಳದ ಜತೆಗೆ ಕನ್ನಡದಲ್ಲೂ ಇರಬೇಕೆಂದು ಮೊದಲ ಸಭೆಯಲ್ಲೇ ಕೇಳೋಣ. ಕಟ್ಟಡ ಎದ್ದ ಮೇಲೆ ಫಲಕಕ್ಕಾಗಿ ಮನವಿ ಹಿಡಿದು ಅಲೆಯುವ ಗತಿ ನಮಗೆ ಬೇಡ. ತುಳು, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಮಾತಾಡುವವರ ಕಾರ್ಯಕ್ರಮಗಳಿಗೂ ವರ್ಷದಲ್ಲಿ ದಿನಗಳನ್ನು ಕಾದಿರಿಸಿದರೆ ಸಪ್ತಭಾಷಾ ಸಂಗಮ ಎಂದು ವೇದಿಕೆಗಳಲ್ಲಿ ಹೇಳಿಕೊಳ್ಳುವ ಮಾತಿಗೆ ಒಂದು ವಿಳಾಸ ಸಿಗುತ್ತದೆ.

ಅರ್ಥಧಾರಿ, ಕಾಸರಗೋಡು

ನಾಲ್ವರಿಗೂ ಕೃತಜ್ಞತೆಗಳು. ಟೀಚರ್ ಹೇಳಿದ ಮಕ್ಕಳ ಅಭ್ಯಾಸದ ಕೋಣೆಯಿಂದಲೇ ಆರಂಭಿಸಬಹುದೆಂದು ನನಗೂ ಅನ್ನಿಸುತ್ತಿದೆ. ಕುಂಬಳೆಯವರಲ್ಲಿ ಒಂದು ಪ್ರಶ್ನೆ ಉಳಿದಿದೆ. ಒಂದೇ ಕೋಣೆಯಿಂದ ಆರಂಭಿಸಿದರೆ ಅದನ್ನು ವಲಯ ಎಂದು ಕರೆಯಲು ಸಾಧ್ಯವೇ, ಅಥವಾ ಇಡೀ ಪ್ರದೇಶಕ್ಕೆ ಯೋಜನೆ ಮಾಡದಿದ್ದರೆ ಈ ಪ್ರಯತ್ನ ಹಾಗೆಯೇ ಕರಗಿಹೋದೀತೇ?

ಕುಂಬಳೆಯವ, ಮುಂಬಯಿ

ಎರಡೂ ಬೇಕು, ಆದರೆ ಇದೇ ಕ್ರಮದಲ್ಲಿ ಆಗಬೇಕು. ಒಂದು ಕೋಣೆಯನ್ನು ಮೂರೋ ಐದೋ ವರ್ಷದ ಲಿಖಿತ ಕರಾರಿನ ಮೇಲೆ ಪಡೆಯಿರಿ. ಬೀಗದ ಕೈ ಯಾರಲ್ಲಿರಬೇಕು, ವಿದ್ಯುತ್ ಬಿಲ್ಲು ಯಾರು ಕಟ್ಟಬೇಕು, ಯಾವ ಸಂಘಕ್ಕೆ ಯಾವ ದಿನ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಬಾಗಿಲಿಗೇ ಅಂಟಿಸಿರಿ. ಒಂದು ಮಳೆಗಾಲ ಅಲ್ಲಿ ತಾಳಮದ್ದಳೆಗಳೂ ಮಕ್ಕಳ ತರಗತಿಗಳೂ ನಡೆದು ದಾಖಲೆಯಾದರೆ, ನಗರಸಭೆಯ ಮುಂದೆ ಇಡಲು ನಿಮ್ಮ ಕೈಯಲ್ಲಿ ಒಂದು ಆಧಾರವಿರುತ್ತದೆ.

ಅದೇ ಸಮಯದಲ್ಲಿ ಬೀದಿಯ ಕಟ್ಟಡಗಳ ಪಟ್ಟಿಯೊಂದನ್ನು ಮಾಡಿ. ಮಾಲಕರು ಯಾರು, ಬಾಡಿಗೆದಾರರು ಯಾರು, ಕರಾರು ಲಿಖಿತವೇ, ಮಾಡಿನ ಪಕ್ಕಾಸು ಗಟ್ಟಿ ಇದೆಯೇ, ಉಪ್ಪರಿಗೆಗೆ ಎರಡನೆಯ ದಾರಿ ಇದೆಯೇ ಎಂಬ ವಿವರ ಅದರಲ್ಲಿರಲಿ. ಎರಡನೆಯ ದಾರಿಯ ಪ್ರಶ್ನೆ ಅತಿ ಮುಖ್ಯ, ಏಕೆಂದರೆ ಮರದ ಉಪ್ಪರಿಗೆಯಲ್ಲಿ ಜನ ಸೇರಿಸುವಾಗ ಬೆಂಕಿಯ ಸಂದರ್ಭದಲ್ಲಿ ಹೊರಬರುವ ಮೆಟ್ಟಿಲು ಒಂದೇ ಇದ್ದರೆ ಯಾವ ಅಧಿಕಾರಿಯೂ ಅನುಮತಿ ಕೊಡಲಾರ, ಕೊಡಲೂಬಾರದು. 2016ರ ಕೇರಳ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಡಿ ಇಡೀ ಪ್ರದೇಶಕ್ಕೆ ಯೋಜನೆ ತರುವುದಾದರೆ ಕರಡನ್ನು ಪ್ರಕಟಿಸಿ ಆಕ್ಷೇಪಣೆ, ಸಲಹೆಗಳನ್ನು ಕೇಳಲೇಬೇಕು. ಅಷ್ಟರಲ್ಲಿ ಈ ಪಟ್ಟಿ ನಿಮ್ಮಲ್ಲಿ ಸಿದ್ಧವಾಗಿದ್ದರೆ, ಯಾವ ಅಂಗಡಿ ಎಲ್ಲಿ ಉಳಿಯಬೇಕು, ಚೌಕಿಯ ಬಾಗಿಲು ಎಷ್ಟು ಅಗಲವಿರಬೇಕು ಎಂಬುದನ್ನು ನೀವೇ ಬರೆದುಕೊಡಬಹುದು. ಪಟ್ಟಿಯ ನಮೂನೆಯನ್ನು ಕನ್ನಡದಲ್ಲಿ ತಯಾರಿಸಿ ಈ ವಾರದೊಳಗೆ ಇಲ್ಲಿಯೇ ಹಾಕುತ್ತೇನೆ. ಪೇಟೆಯ ವ್ಯಾಪಾರಿಯವರು ತಮ್ಮ ಸಾಲಿನ ಅಂಗಡಿಗಳಿಂದ ತುಂಬಲು ಆರಂಭಿಸಿದರೆ ಉಪಕಾರವಾಗುತ್ತದೆ.